ಹಿಮದ ಮುಂದೆ ಕಾಯಬಲ್ಲವರು, ಕಾಯಲಾಗದವರು

2016ರ ಫೆಬ್ರವರಿ ಎರಡನೆಯ ವಾರವನ್ನು ಕರ್ನಾಟಕದ ಜನ ಅಷ್ಟು ಸುಲಭವಾಗಿ ಮರೆಯಲಾರರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಯೋಧ, ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿಯಲ್ಲಿ ಹೂತುಹೋಗಿದ್ದೂ ಜೀವಂತವಾಗಿ ಸಿಕ್ಕಿದ್ದರು. ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದು ಬಿದ್ದಿತ್ತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಮಂದಿ ಅದರಡಿಯಲ್ಲಿ ಸಿಲುಕಿದರು. ಅವರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ ಇದ್ದರು, ಹೆಗ್ಗಡದೇವನಕೋಟೆ ಕಡೆಯ ಸಿಪಾಯಿ ಮಹೇಶ ಇದ್ದರು, ಆಂಧ್ರದ ಕರ್ನೂಲು ಜಿಲ್ಲೆಯ ಮುಷ್ತಾಕ್ ಅಹ್ಮದ್ ಇದ್ದರು. ಫೆಬ್ರವರಿ 8ರ ರಾತ್ರಿ ಹಿಮ ಕೊರೆದು ನೋಡಿದಾಗ ಹನುಮಂತಪ್ಪನವರೊಬ್ಬರಲ್ಲಿ ಮಾತ್ರ ಉಸಿರಿತ್ತು. ನಾಡಿನ ಮಸೀದಿ, ಮಂದಿರ, ಚರ್ಚುಗಳಲ್ಲಿ ಅವರಿಗಾಗಿ ಪ್ರಾರ್ಥನೆಗಳು ನಡೆದವು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಆ ಹತ್ತು ಮಂದಿಯ ಮೇಲೆ ಯಾರೂ ಗುಂಡು ಹಾರಿಸಿರಲಿಲ್ಲ. ಗಡಿಯಾಚೆಯ ಸೇನೆಯೇ ದೂರವಾಣಿಯಲ್ಲಿ ಸಂಪರ್ಕಿಸಿ, ಶೋಧಕ್ಕೆ ನೆರವು ಬೇಕೇ ಎಂದು ಕೇಳಿತ್ತು. ಹಾಗಾದರೆ ಅವರನ್ನು ಕೊಂದವರು ಯಾರು? ಹಿಮವೇ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಹಿಮ ಪ್ರತಿ ವರ್ಷವೂ ಬೀಳುತ್ತದೆ, ಪ್ರತಿ ವರ್ಷವೂ ಜಾರುತ್ತದೆ. ಅದು ಜಾರುವ ಹೊತ್ತಿಗೆ, ಜಾರುವ ಜಾಗದಲ್ಲಿ ಮನುಷ್ಯ ಏಕೆ ನಿಂತಿದ್ದ ಎಂಬುದೇ ಚರಿತ್ರೆ ಕೇಳಬೇಕಾದ ಪ್ರಶ್ನೆ. ಹಿಂದೂಕುಷ್‌ನಿಂದ ಕಾರಾಕೋರಂವರೆಗಿನ ಏಳು ಶತಮಾನಗಳ ನೆನಪುಗಳನ್ನು ಕೆದಕಿದರೆ ಈ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ.

ನಮ್ಮಲ್ಲಿಲ್ಲದ ಮಾತು

ಕನ್ನಡಕ್ಕೆ ಹಿಮದ ಅನುಭವವಿಲ್ಲ. ಮಳೆಗೆ ನಮ್ಮಲ್ಲಿ ಹತ್ತಾರು ಹೆಸರುಗಳಿವೆ. ನಕ್ಷತ್ರಕ್ಕೊಂದು ಮಳೆಯಿದೆ, ಮಳೆಗೊಂದು ಗಾದೆಯಿದೆ. ಆದರೆ ಆಕಾಶದಿಂದ ಹಿಮ ಉದುರಿದರೂ ನಮ್ಮ ಪತ್ರಿಕೆಗಳು ‘ಹಿಮಪಾತ’ ಎನ್ನುತ್ತವೆ, ಬೆಟ್ಟದಿಂದ ಹಿಮರಾಶಿ ಕುಸಿದು ಊರನ್ನು ನುಂಗಿದರೂ ‘ಹಿಮಪಾತ’ವೆಂದೇ ಬರೆಯುತ್ತವೆ. ಮೊದಲನೆಯದು ಋತುಧರ್ಮ, ಎರಡನೆಯದು ದುರಂತ. ಈ ಲೇಖನದಲ್ಲಿ ಎರಡನೆಯದನ್ನು ಹಿಮಕುಸಿತ ಎಂದು ಕರೆಯೋಣ.

ಪಾರ್ಸಿ ಭಾಷೆಯಲ್ಲಿ ಇದಕ್ಕೆ ‘ಬಹ್ಮನ್’ ಎಂಬ ಸ್ಪಷ್ಟವಾದ ಪದವಿದೆ. ಹೆಸರು ಕೇಳಿದೊಡನೆ ನಮಗೆ ಕಲಬುರ್ಗಿಯ ಬಹ್ಮನಿ ಸುಲ್ತಾನರ ನೆನಪಾಗುವುದು ಸಹಜ. 1347ರಲ್ಲಿ ಪಟ್ಟಕ್ಕೇರಿದ ಅಲಾವುದ್ದೀನ್ ಹಸನ್ ‘ಬಹ್ಮನ್ ಷಾ’ ಎಂದು ಕರೆದುಕೊಂಡದ್ದು ಇರಾನಿನ ಪುರಾಣ ಕಾಲದ ಬಹ್ಮನ್ ರಾಜನ ವಂಶದವನೆಂದು ಹೇಳಿಕೊಳ್ಳಲು. ಹಿಮಕುಸಿತಕ್ಕೂ ಆ ಬಿರುದಿಗೂ ಸಂಬಂಧವಿಲ್ಲ. ಆದರೆ ಇರಾನಿನ ಪಂಚಾಂಗದಲ್ಲಿ ಬಹ್ಮನ್ ಎಂಬುದು ಒಂದು ತಿಂಗಳ ಹೆಸರೂ ಹೌದು. ಅದು ಜನವರಿ 21ರ ಆಸುಪಾಸಿನಿಂದ ಫೆಬ್ರವರಿ 19ರ ಆಸುಪಾಸಿನವರೆಗೆ ಬರುತ್ತದೆ. ಸೋನಮ್ ಠಾಣೆಯ ದುರಂತ ಸಂಭವಿಸಿದ್ದು ಆ ತಿಂಗಳಲ್ಲೇ. 2010ರ ಫೆಬ್ರವರಿ 8ರಂದು ಗುಲ್ಮಾರ್ಗ್ ಬಳಿಯ ಖಿಲನ್‌ಮಾರ್ಗ್‌ನಲ್ಲಿ ಸೇನೆಯ ಪರ್ವತ ಯುದ್ಧ ತರಬೇತಿ ಶಾಲೆಯ 17 ಮಂದಿ ಹಿಮದಡಿ ಸತ್ತದ್ದೂ ಆ ತಿಂಗಳಲ್ಲೇ. ಅದೇ ದಿನ ಅಫ್ಘಾನಿಸ್ತಾನದ ಸಾಲಂಗ್ ಕಣಿವೆಯಲ್ಲಿ ಸಾಲುಸಾಲು ಹಿಮಕುಸಿತಗಳು ಆರಂಭವಾಗಿ, ರಸ್ತೆಯಲ್ಲಿ ಸಾಗುತ್ತಿದ್ದ 160ಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು.

ಇನ್ನೊಂದು ಪದ ಮುಸ್ಲಿಮರ ಮನೆಗಳಲ್ಲಿ ಚಿರಪರಿಚಿತ: ‘ಚಿಲ್ಲಾ’. ಪಾರ್ಸಿಯ ‘ಚಿಹಿಲ್’ ಎಂದರೆ ನಲವತ್ತು. ಬಾಣಂತಿಯ ನಲವತ್ತು ದಿನಗಳು, ಸೂಫಿಗಳ ಏಕಾಂತದ ನಲವತ್ತು ದಿನಗಳು, ಧರ್ಮ ಪ್ರಚಾರಕ್ಕೆ ಹೊರಡುವವರ ನಲವತ್ತು ದಿನಗಳು ನಮಗೆ ಗೊತ್ತು. ಕಾಶ್ಮೀರದಲ್ಲಿ ಚಳಿಗಾಲಕ್ಕೂ ಒಂದು ಚಿಲ್ಲಾ ಉಂಟು. ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ ನಲವತ್ತು ದಿನಗಳನ್ನು ಅಲ್ಲಿನವರು ‘ಚಿಲ್ಲೈ ಕಲಾನ್’, ಅಂದರೆ ದೊಡ್ಡ ಚಿಲ್ಲಾ ಎನ್ನುತ್ತಾರೆ. ಆಮೇಲೆ ಇಪ್ಪತ್ತು ದಿನಗಳ ಸಣ್ಣ ಚಿಲ್ಲಾ, ಅದರ ನಂತರ ಹತ್ತು ದಿನಗಳ ‘ಚಿಲ್ಲಾದ ಮಗು’. ಒಣಗಿಸಿದ ತರಕಾರಿ, ಕಾಂಗ್ಡಿಯ ಕೆಂಡ, ಫೇರನ್ನಿನ ಬೆಚ್ಚನೆಯಲ್ಲಿ ಮನೆಯೊಳಗೆ ಕುಳಿತು ಈ ದಿನಗಳನ್ನು ಕಳೆಯುವುದು ಅಲ್ಲಿನ ರೂಢಿ. ಎಲ್ಲ ಚಿಲ್ಲಾಗಳ ತಿರುಳು ಒಂದೇ: ಕಾಯುವುದು. ಬೆಟ್ಟದ ಜನ ಶತಮಾನಗಳ ಅನುಭವದಿಂದ ಕಲಿತ ಮೊದಲ ಪಾಠವೂ ಅದೇ.

ಹಿಮ ಏಕೆ ಜಾರುತ್ತದೆ?

ಈ ಪಾಠ ಏಕೆ ಸರಿ ಎಂಬುದನ್ನು ತಿಳಿಯಲು ಹಿಮದ ಸ್ವಭಾವವನ್ನು ಕೊಂಚ ಅರಿಯಬೇಕು. ಬೆಟ್ಟದ ಮೇಲಿನ ಹಿಮ ಒಂದೇ ಗಟ್ಟಿಯಲ್ಲ. ಪ್ರತಿ ಸಲ ಬಿದ್ದ ಹಿಮ ಒಂದೊಂದು ಪದರವಾಗಿ, ಹಾಸಿಗೆಯ ಮೇಲೆ ಹಾಸಿಗೆ ಒಟ್ಟಿದ ಹಾಗೆ ಕೂರುತ್ತದೆ. ಕೆಲವು ಪದರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಕೆಲವು ಬೆಸೆಯುವುದಿಲ್ಲ. ಚಳಿ ತೀವ್ರವಾಗಿ ಹಿಮ ತೆಳುವಾಗಿದ್ದಾಗ, ಅಡಿಯ ಪದರದ ಹರಳುಗಳು ರೂಪ ಬದಲಿಸಿ ಸಕ್ಕರೆಯ ಕಾಳುಗಳಂತೆ ಬಿಡಿಬಿಡಿಯಾಗುತ್ತವೆ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಗಟ್ಟಿ ಹಲಗೆಯಂತೆ ಮಾಡಿದರೆ, ಸಕ್ಕರೆ ಚೆಲ್ಲಿದ ಇಳಿಜಾರಿನ ಮೇಲೆ ಹಲಗೆ ಇಟ್ಟಂತಾಗುತ್ತದೆ. ಅದನ್ನು ಜಾರಿಸಲು ಒಬ್ಬ ಮನುಷ್ಯನ ಹೆಜ್ಜೆಯ ಭಾರ ಸಾಕು.

ತೀರಾ ಕಡಿದಾದ ಬಂಡೆಯ ಮೇಲೆ ಹಿಮ ನಿಲ್ಲುವುದೇ ಇಲ್ಲ, ಆಗಿಂದಾಗ್ಗೆ ಉದುರಿಬಿಡುತ್ತದೆ. ಸಮತಟ್ಟಿನಲ್ಲಿ ಜಾರುವುದಿಲ್ಲ. ಅಪಾಯವೆಲ್ಲ ಹೆಚ್ಚಾಗಿ 30ರಿಂದ 45 ಡಿಗ್ರಿಯವರೆಗಿನ ಇಳಿಜಾರಿನಲ್ಲಿ. ನಡೆಯುವವರಿಗೆ, ಹಿಮದ ಮೇಲೆ ಜಾರುತ್ತ ಆಡುವವರಿಗೆ ಇಷ್ಟವಾಗುವ ಇಳಿಜಾರೂ ಅದೇ. ಭಾರೀ ಹಿಮ ಸುರಿದ ಮರುದಿನ, ಅದರ ಮರುದಿನ, ಆಕಾಶ ತಿಳಿಯಾಗಿ ಬಿಸಿಲು ಬಂದಾಗ ಜನ ಹೊರಡುತ್ತಾರೆ. ಹೊಸ ಹಿಮ ಇನ್ನೂ ನೆಲೆನಿಂತಿರದ ಹೊತ್ತೂ ಅದೇ. ವಸಂತದಲ್ಲಿ ಮಧ್ಯಾಹ್ನದ ಬಿಸಿಲಿಗೆ ನೀರು ಒಳಗಿಳಿದು ಹಿಮದ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ಬೆಟ್ಟದ ದಾರಿ ಬಲ್ಲವರು ನಸುಕಿನಲ್ಲಿ, ಮೇಲ್ಪದರ ಹೆಪ್ಪುಗಟ್ಟಿರುವಾಗ ಕಣಿವೆ ದಾಟುತ್ತಾರೆ. ಕೂಗಿದರೆ ಹಿಮ ಕುಸಿಯುತ್ತದೆ ಎಂಬುದು ಸಿನಿಮಾದ ಕಲ್ಪನೆ. ವಿಹಾರಕ್ಕೆ ಹೋಗಿ ಹಿಮದಡಿ ಸಿಲುಕಿದವರ ವಿಷಯದಲ್ಲಂತೂ ಬಹುತೇಕ ಸಲ ಕುಸಿತವನ್ನು ಆರಂಭಿಸಿದ್ದು ಅವರದೇ ಅಥವಾ ಅವರ ಜೊತೆಗಾರರದೇ ಹೆಜ್ಜೆ.

ಜಾರುವಾಗ ಹತ್ತಿಯಂತೆ ಹಾರುವ ಹಿಮ, ನಿಂತ ಕ್ಷಣದಲ್ಲೇ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಹೂತವನಿಗೆ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ಕಳೆದರೆ ಬದುಕುವವರು ಕೆಲವರು ಮಾತ್ರ. ಹನುಮಂತಪ್ಪನವರ ಆರು ದಿನಗಳು ಜಗತ್ತನ್ನೇ ಬೆರಗುಗೊಳಿಸಿದ್ದು ಈ ಕಾರಣಕ್ಕೆ.

ನಲವತ್ತು ದಿನ ಕಾದ ಪ್ರವಾಸಿ

ಈಗ ಚರಿತ್ರೆಗೆ ಬರೋಣ. ಹೊನ್ನಾವರ, ಮಂಗಳೂರುಗಳನ್ನು ಕಂಡು ಬರೆದ ಇಬ್ನ್ ಬತೂತನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅವನು ಹಿಂದೂಸ್ತಾನಕ್ಕೆ ಬಂದದ್ದು ಮಧ್ಯ ಏಷ್ಯಾದಿಂದ ಹಿಂದೂಕುಷ್ ಪರ್ವತವನ್ನು ದಾಟಿ. 1333ರ ಸೆಪ್ಟೆಂಬರ್ 12ರಂದು ಸಿಂಧೂ ನದಿಯನ್ನು ತಲುಪಿದೆನೆಂದು ಅವನೇ ದಿನಾಂಕ ಕೊಟ್ಟಿದ್ದಾನೆ. ಅದಕ್ಕೂ ಮೊದಲು, ಪರ್ವತದ ಉತ್ತರದ ಕುಂದುಜ್ ಪ್ರದೇಶದಲ್ಲಿ ಅವನು ಸುಮಾರು ನಲವತ್ತು ದಿನ ತಂಗಿದ. ಒಂಟೆ ಕುದುರೆಗಳಿಗೆ ಹುಲ್ಲುಗಾವಲು ಚೆನ್ನಾಗಿತ್ತು ಎಂಬುದು ಒಂದು ಕಾರಣ. ಹಿಮದ ಭಯ ಇನ್ನೊಂದು ಕಾರಣ. ಭಯವನ್ನು ಒಪ್ಪಿಕೊಳ್ಳಲು ಅವನಿಗೆ ಸಂಕೋಚವಿರಲಿಲ್ಲ.

ಬಿಸಿಲು ಬಲಿತ ನಂತರ ಹೊರಟದ್ದೂ ಯೋಚಿಸಿಯೇ. ರಾತ್ರಿಯ ಕೊನೆಯ ಜಾವದಲ್ಲಿ ಹೊರಟು ಸಂಜೆಯವರೆಗೆ ನಡೆದರು. ಒಂಟೆಗಳ ಕಾಲು ಹಿಮದಲ್ಲಿ ಹೂತುಹೋಗದಂತೆ ಮುಂದೆ ಮುಂದೆ ಕಂಬಳಿಯ ನೆಲಹಾಸುಗಳನ್ನು ಹಾಸಿ, ಅವುಗಳ ಮೇಲೆ ನಡೆಸಿದರು. ಹಾಗೆ ಪಂಜಶೀರ್ ಕಣಿವೆಗೆ ಇಳಿದರು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕಬೇಕು ಎಂಬ ಪ್ರವಾದಿ ಬೋಧನೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಇಬ್ನ್ ಬತೂತ ಅದನ್ನು ಹಿಮದ ನಡುವೆ ಪಾಲಿಸಿದ. ತವಕ್ಕುಲ್ ಎಂದರೆ ಅಪಾಯಕ್ಕೆ ಕಣ್ಣುಮುಚ್ಚಿ ನುಗ್ಗುವುದಲ್ಲ.

ಆದರೆ ಅದೇ ಪುಟಗಳಲ್ಲಿ ಅವನು ಮತ್ತೊಂದು ಸಂಗತಿಯನ್ನೂ ದಾಖಲಿಸುತ್ತಾನೆ. ಹಿಂದೂಕುಷ್ ಎಂದರೆ ಹಿಂದೂಗಳನ್ನು ಕೊಲ್ಲುವುದು ಎಂದರ್ಥವೆಂದೂ, ಹಿಂದೂಸ್ತಾನದಿಂದ ಒಯ್ಯುವ ದಾಸ ದಾಸಿಯರು ಅಲ್ಲಿನ ಕಡುಚಳಿ ಮತ್ತು ಹಿಮಕ್ಕೆ ದೊಡ್ಡ ಸಂಖ್ಯೆಯಲ್ಲಿ ಸಾಯುವುದರಿಂದ ಆ ಹೆಸರು ಬಂತೆಂದೂ ಅವನು ಹೇಳುತ್ತಾನೆ. ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಬೇರೆ ಅಭಿಪ್ರಾಯಗಳೂ ಇವೆ. ಆದರೆ ದಾಸರ ವ್ಯಾಪಾರ ನಡೆದದ್ದು ಸುಳ್ಳಲ್ಲ, ಅದನ್ನು ನಡೆಸಿದವರಲ್ಲಿ ಮುಸ್ಲಿಂ ವರ್ತಕರೂ ಅರಸರೂ ಇದ್ದರೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಪರ್ವತ ಒಂದೇ, ಹಿಮ ಒಂದೇ. ನಲವತ್ತು ದಿನ ಕಾಯುವ ಸ್ವಾತಂತ್ರ್ಯವಿದ್ದ ಪ್ರವಾಸಿ ಬದುಕಿದ. ಯಾವಾಗ ಹೊರಡಬೇಕೆಂದು ತೀರ್ಮಾನಿಸುವ ಹಕ್ಕಿಲ್ಲದ ದಾಸರು ಸತ್ತರು.

ಅವಸರದಲ್ಲಿ ಹೊರಟ ಅರಸ

ಬಾಬರ್ ದಾಸನಾಗಿರಲಿಲ್ಲ, ಆದರೆ ಅವನಿಗೂ ಕಾಯಲಾಗಲಿಲ್ಲ. 1506ರ ಡಿಸೆಂಬರ್ ಕೊನೆಯಲ್ಲಿ ಅವನು ಹೆರಾತ್‌ನಿಂದ ಕಾಬೂಲಿಗೆ ಹೊರಟ. ಹೊಸದಾಗಿ ಗೆದ್ದ ಕಾಬೂಲನ್ನು ಬಹಳ ದಿನ ಬಿಟ್ಟಿರುವುದು ಕ್ಷೇಮವಲ್ಲ ಎಂಬ ಆತಂಕ ಅವನಿಗಿತ್ತು. ಕಂದಹಾರದ ಮೇಲಿನ ದಾರಿ ದೂರವಾದರೂ ಸುರಕ್ಷಿತವಾಗಿತ್ತು. ಸರದಾರ ಕಾಸಿಂ ಬೇಗ್ ಬೆಟ್ಟದ ಹತ್ತಿರದ ದಾರಿಯನ್ನೇ ಹಿಡಿಯಬೇಕೆಂದು ಹಠ ಹಿಡಿದ, ಅವನ ಮಾತೇ ನಡೆಯಿತು.

ಮುಂದಿನದನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ಅಲಂಕಾರವಿಲ್ಲದೆ ವಿವರಿಸಿದ್ದಾನೆ. ದಿನದಿನಕ್ಕೆ ಹಿಮ ಆಳವಾಯಿತು. ಕುದುರೆಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ದಾರಿ ತೋರಲು ಬಂದಿದ್ದ ಮುದುಕನಿಗೂ ದಾರಿ ತಪ್ಪಿತು. ಸುಮಾರು ಒಂದು ವಾರ ಹಿಮವನ್ನು ಕಾಲಿನಿಂದ ತುಳಿದು ದಾರಿ ಮಾಡುತ್ತ ಸಾಗಿದರು. ಹತ್ತಿಪ್ಪತ್ತು ಮಂದಿಯ ಗುಂಪಿನಲ್ಲಿ ಬಾಬರನೂ ಇದ್ದ. ಮುಂದಿನವನು ಸೊಂಟದವರೆಗೆ, ಎದೆಯವರೆಗೆ ಹೂತು ಕೆಲವು ಹೆಜ್ಜೆ ಹಿಮ ತುಳಿದು ಸುಸ್ತಾಗಿ ನಿಂತಾಗ, ಹಿಂದಿನವನು ಮುಂದೆ ಬರುತ್ತಿದ್ದ. ಇಡೀ ದಿನ ನಡೆದರೂ ಒಂದೆರಡು ಹರದಾರಿ ದಾಟುತ್ತಿರಲಿಲ್ಲ. ಯಾರ ಮೇಲೂ ಬಲವಂತ ಮಾಡಲಿಲ್ಲ, ಮನಸ್ಸಿದ್ದವರು ತಾವಾಗಿಯೇ ಬಂದರು ಎಂದು ಅವನು ಹೇಳುತ್ತಾನೆ.

ಜಿರ್ರೀನ್ ಕಣಿವೆಯ ಬುಡದಲ್ಲಿ ಬಿರುಗಾಳಿಯೊಡನೆ ಹಿಮ ಸುರಿಯತೊಡಗಿತು. ಅಲ್ಲೊಂದು ಗುಹೆಯಿತ್ತು. ಒಳಗೆ ಬರುವಂತೆ ಜನ ಅರಸನನ್ನು ಕರೆದರು. ತನ್ನವರು ಹೊರಗೆ ಹಿಮದಲ್ಲಿ ಒದ್ದಾಡುತ್ತಿರುವಾಗ ತಾನೊಬ್ಬನೇ ಬೆಚ್ಚಗೆ ಮಲಗುವುದು ಮನುಷ್ಯತ್ವವಲ್ಲವೆಂದು ಬಾಬರ್ ನಿರಾಕರಿಸಿದ. ಸನಿಕೆಯಿಂದ ಎದೆಯಾಳದ ಗುಂಡಿ ತೋಡಿಕೊಂಡು ಅದರಲ್ಲಿ ಕುಳಿತ. ಇಶಾ ನಮಾಝಿನ ಹೊತ್ತಿಗೆ ಅವನ ತಲೆ, ಬೆನ್ನು, ಕಿವಿಗಳ ಮೇಲೆ ಹಲವು ಬೆರಳು ದಪ್ಪ ಹಿಮ ಕೂತಿತ್ತು. ಗುಹೆ ಎಲ್ಲರಿಗೂ ಸಾಲುವಷ್ಟು ದೊಡ್ಡದೆಂದು ತಿಳಿದ ಮೇಲೆಯೇ ಅವನು ಒಳಗೆ ಹೋದ. ಕೆಲವರ ಕೈಕಾಲುಗಳು ಚಳಿಗೆ ಕೊಳೆತುಹೋದವು.

ಮರುದಿನ ಕಣಿವೆ ದಾಟಿ ಯಕಾ ಔಲಂಗ್ ಎಂಬ ಊರು ತಲುಪಿದಾಗ ಹಳ್ಳಿಗರು ಬೆಚ್ಚನೆಯ ಮನೆ, ಕೊಬ್ಬಿದ ಕುರಿ, ಉರಿಯಲು ಒಣ ಸಗಣಿ ಕೊಟ್ಟು ಉಪಚರಿಸಿದರು. ಇಷ್ಟು ಹಿಮದಲ್ಲಿ ಆ ಕಣಿವೆಯನ್ನು ಯಾರೂ ದಾಟಿದ್ದಿಲ್ಲವೆಂದರು ಅಲ್ಲಿನ ಹಿರಿಯರು. ದಾಟುವ ಯೋಚನೆಯನ್ನೂ ಯಾರೂ ಮಾಡುವುದಿಲ್ಲವಂತೆ. ವಿಚಿತ್ರವೆಂದರೆ, ಬದುಕಿದ್ದು ಕೂಡ ಹಿಮ ಅಷ್ಟು ಆಳವಾಗಿದ್ದರಿಂದ. ಕೊರಕಲುಗಳೆಲ್ಲ ತುಂಬಿ ಸಮವಾಗಿರದಿದ್ದರೆ ಮೊದಲ ಪ್ರಪಾತದಲ್ಲೇ ಕುದುರೆ, ಒಂಟೆಗಳು ಬಿದ್ದು ಹೋಗುತ್ತಿದ್ದವು. ಅರಸನ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಅವನನ್ನು ಉಳಿಸಿದ್ದು ಧೈರ್ಯವಲ್ಲ ಎಂಬುದನ್ನು ಅವನೇ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾನೆ.

ಕೇಳದ ಕಿವಿಗಳು

ಬಾಬರ್ ತನ್ನವರೊಂದಿಗೆ ಹಿಮ ತುಳಿದ. ನಂತರದ ಶತಮಾನಗಳಲ್ಲಿ ಆಜ್ಞೆ ಮಾಡುವವರು ಒಂದು ಕಡೆ, ಹಿಮ ತುಳಿಯುವವರು ಇನ್ನೊಂದು ಕಡೆ ಎಂಬಂತಾಯಿತು. 1842ರ ಜನವರಿಯಲ್ಲಿ ಬ್ರಿಟಿಷ್ ಸೇನೆ ಕಾಬೂಲಿನಿಂದ ಹಿಮದ ನಡುವೆ ಹಿಮ್ಮೆಟ್ಟಿದಾಗ ಅದರಲ್ಲಿ ಸುಮಾರು 4,500 ಸೈನಿಕರೂ 12,000 ಹಿಂಬಾಲಕರೂ ಇದ್ದರು. ಬಹುತೇಕ ಮಂದಿ ಹಿಂದೂಸ್ತಾನದ ಸಿಪಾಯಿಗಳು, ಸೇವಕರು, ಅವರ ಹೆಂಡತಿ ಮಕ್ಕಳು. ಅಫ್ಘಾನರಂತೆ ಕಾಲಿಗೆ ಕಂಬಳಿಯ ಪಟ್ಟಿ ಸುತ್ತಿಕೊಳ್ಳಲು ವ್ಯವಸ್ಥೆ ಮಾಡಿ ಎಂದು ಎಲ್ಡ್ರೆಡ್ ಪಾಟಿಂಜರ್ ಎಂಬ ಅಧಿಕಾರಿ ಸಲಹೆ ಕೊಟ್ಟಿದ್ದ. ಮೇಲಿನವರು ಕಿವಿಗೊಡಲಿಲ್ಲ. ಗುಂಡಿಗೆ ಸತ್ತವರಷ್ಟೇ ಅಲ್ಲ, ಚಳಿಗೆ ಸತ್ತವರೂ ಆ ದಾರಿಯಲ್ಲಿ ಸಾವಿರಾರು.

ಮೊದಲ ಮಹಾಯುದ್ಧದಲ್ಲಿ ಇದೇ ಕಥೆ ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ನಡೆಯಿತು. ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೇನೆಗಳು ಚಳಿಗಾಲವಿಡೀ ಶಿಖರಗಳ ಮೇಲೆ ಎದುರುಬದುರಾಗಿ ಕುಳಿತಿದ್ದವು. ಮಾರ್ಮೊಲಾಡ ಶಿಖರದ ಕೆಳಗೆ ಗ್ರಾನ್ ಪೋಝ್ ಎಂಬಲ್ಲಿ ಆಸ್ಟ್ರಿಯಾದ ಮರದ ಬಿಡಾರಗಳಿದ್ದವು. ವೈರಿಯ ಫಿರಂಗಿಗೆ ಅದು ಸುರಕ್ಷಿತ ಜಾಗ. ಆದರೆ ಮೇಲಿನ ಹಿಮ ಕುಸಿದರೆ ಉಳಿಗಾಲವಿಲ್ಲವೆಂದು ಅಲ್ಲಿನ ಕ್ಯಾಪ್ಟನ್ ರುಡಾಲ್ಫ್ ಶ್ಮಿಡ್ ಮೇಲಧಿಕಾರಿಗೆ ಬರೆದು, ಬಿಡಾರ ಸ್ಥಳಾಂತರಿಸಲು ಅನುಮತಿ ಕೇಳಿದ. ಅನುಮತಿ ಸಿಗಲಿಲ್ಲ. 1916ರ ಡಿಸೆಂಬರ್ 13ರಂದು ನಸುಕಿನಲ್ಲಿ ಹಿಮ ಕುಸಿಯಿತು. ಸುಮಾರು 270 ಮಂದಿ ಸತ್ತರು. ಬಿಡಾರದಲ್ಲಿದ್ದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಬೋಸ್ನಿಯಾದವರು, ತಮ್ಮದಲ್ಲದ ಯುದ್ಧಕ್ಕೆ ಸಾಮ್ರಾಜ್ಯ ಕರೆತಂದವರು. ಆ ತಿಂಗಳು ಆಲ್ಪ್ಸ್‌ನಲ್ಲಿ ಎರಡೂ ಕಡೆಯ ಸಾವಿರಾರು ಸೈನಿಕರು ಹಿಮದಡಿ ಸತ್ತರು. ವೈರಿಯ ಮೇಲೆ ಬೀಳಲೆಂದು ಹಿಮದ ಇಳಿಜಾರುಗಳಿಗೆ ಬೇಕೆಂದೇ ಗುಂಡು ಹಾರಿಸಿದ ಪ್ರಸಂಗಗಳೂ ಉಂಟು.

ಗುಲಾಬಿಗಳ ನೆಲದಲ್ಲಿ

ಈ ಹಿನ್ನೆಲೆಯಲ್ಲಿ ಸಿಯಾಚಿನ್ ಕಡೆಗೆ ಮರಳೋಣ. ಬಾಲ್ತಿ ಭಾಷೆಯಲ್ಲಿ ಆ ಹೆಸರಿಗೆ ಕಾಡುಗುಲಾಬಿಗಳು ಹೇರಳವಾಗಿರುವ ಜಾಗ ಎಂದರ್ಥ. ಸುಮಾರು 76 ಕಿಲೋಮೀಟರ್ ಉದ್ದದ ಈ ಹಿಮನದಿಯ ಮೇಲೆ ಶಾಶ್ವತವಾಗಿ ವಾಸಿಸಿದವರು ಚರಿತ್ರೆಯಲ್ಲಿ ಯಾರೂ ಇಲ್ಲ. ಪೂರ್ವಕ್ಕೆ ಯಾರ್ಕಂದಿನ ವರ್ತಕರು ಕಾರಾಕೋರಂ ಕಣಿವೆಯಲ್ಲಿ ಲೇಹ್‌ಗೆ ಓಡಾಡುತ್ತಿದ್ದ ದಾರಿಯಿತ್ತು. ಆ ದಾರಿಯಲ್ಲಿ 1533ರ ಜುಲೈಯಲ್ಲಿ, ಅಂದರೆ ನಡುಬೇಸಿಗೆಯಲ್ಲೇ, ಯಾರ್ಕಂದಿನ ಸುಲ್ತಾನ್ ಸಯೀದ್ ಖಾನ್ ಎತ್ತರದ ಗಾಳಿಗೆ ಉಸಿರು ಸಿಕ್ಕದೆ ಸತ್ತ. ಬಾಬರನ ಸೋದರ ಸಂಬಂಧಿಯೂ ಸಯೀದ್ ಖಾನನ ಸರದಾರನೂ ಆಗಿದ್ದ ಮಿರ್ಜಾ ಹೈದರ್ ದುಘ್ಲಾತ್ ತನ್ನ ‘ತಾರೀಖೆ ರಶೀದಿ’ಯಲ್ಲಿ ಆ ಕಾಯಿಲೆಯನ್ನು ‘ದಮ್‌ಗೀರಿ’ ಎಂದು ಕರೆದು ವಿವರಿಸಿದ್ದಾನೆ. ಇಂದು ನಮ್ಮ ಸೇನೆಯ ವಿಮಾನಪಟ್ಟಿ ಇರುವ ದೌಲತ್ ಬೇಗ್ ಓಲ್ಡಿ ಎಂಬ ಹೆಸರು ಆ ಸಾವಿನ ನೆನಪೆಂದು ಹೇಳುತ್ತಾರೆ.

1949ರ ಕದನವಿರಾಮ ರೇಖೆಯನ್ನು ಎಳೆದವರು ಎನ್‌ಜೆ 9842 ಎಂಬ ಬಿಂದುವಿನಲ್ಲಿ ಗೆರೆ ನಿಲ್ಲಿಸಿದರು. ಅಲ್ಲಿಂದ ಉತ್ತರಕ್ಕೆ, ಹಿಮನದಿಗಳ ಕಡೆಗೆ ಎಂದಷ್ಟೇ ಬರೆದರು. ಮನುಷ್ಯ ಹೋಗಿ ನಿಲ್ಲದ ಜಾಗಕ್ಕೆ ಗೆರೆ ಏಕೆ ಎಂದು ಅವರಿಗೆ ಅನ್ನಿಸಿರಬೇಕು. 1984ರ ಏಪ್ರಿಲ್ 13ರಂದು ಭಾರತದ ಸೇನೆ ಕಣಿವೆಯ ಶಿಖರಗಳನ್ನು ಹಿಡಿಯಿತು, ಪಾಕಿಸ್ತಾನವೂ ತಾನು ಹಿಡಿಯಲು ಹೊರಟಿತ್ತು. ಅದರ ಮರುತಿಂಗಳೇ, 1984ರ ಮೇ ಕೊನೆಯಲ್ಲಿ, ಕುಮಾವೂನ್ ರೆಜಿಮೆಂಟಿನ ಒಂದು ತುಕಡಿಯನ್ನು ಹಿಮ ನುಂಗಿತು. ಅವರಲ್ಲಿ ಒಬ್ಬರಾದ ಲಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ದೇಹ ಸಿಕ್ಕಿದ್ದು 2022ರ ಆಗಸ್ಟಿನಲ್ಲಿ, 38 ವರ್ಷಗಳ ನಂತರ. ಹಿಮ ಅವರನ್ನು ಹಾಗೆಯೇ ಇಟ್ಟುಕೊಂಡಿತ್ತು.

2003ರ ನವೆಂಬರಿನ ಕದನವಿರಾಮದ ನಂತರ ಅಲ್ಲಿ ಫಿರಂಗಿಗಳು ಸುಮ್ಮನಾದವು. ಸಾವು ನಿಲ್ಲಲಿಲ್ಲ. ಮೊದಲಿನಿಂದಲೂ ಎರಡೂ ಕಡೆ ಗುಂಡಿಗಿಂತ ಚಳಿ, ಎತ್ತರ, ಹಿಮಗಳೇ ಹೆಚ್ಚು ಯೋಧರನ್ನು ಕೊಂದಿವೆ. 2012ರ ಏಪ್ರಿಲ್ 7ರ ನಸುಕಿನಲ್ಲಿ ಪಾಕಿಸ್ತಾನದ ಗಯಾರಿ ನೆಲೆಯ ಮೇಲೆ ಹಿಮ ಮತ್ತು ಬಂಡೆಗಳ ರಾಶಿ ಕುಸಿದು 129 ಸೈನಿಕರೂ 11 ನಾಗರಿಕರೂ ಒಂದೇ ಗಳಿಗೆಯಲ್ಲಿ ಹೂತುಹೋದರು. ಎರಡು ದಶಕಗಳಿಂದ ಸುರಕ್ಷಿತವೆಂದು ನಂಬಿದ್ದ ನೆಲೆ ಅದು. ಶವಗಳನ್ನು ಹೊರತೆಗೆಯಲು ವರ್ಷಕ್ಕೂ ಮಿಕ್ಕಿ ಅಗೆಯಬೇಕಾಯಿತು. ಸ್ಥಳಕ್ಕೆ ಬಂದ ಪಾಕಿಸ್ತಾನದ ಸೇನಾ ಮುಖ್ಯಸ್ಥ ಜನರಲ್ ಕಯಾನಿ, ಎರಡು ದೇಶಗಳೂ ಶಾಂತಿಯಿಂದ ಬದುಕಬೇಕು, ಈ ಸಮಸ್ಯೆ ಬಗೆಹರಿಯಬೇಕು ಎಂಬ ಆಶಯ ವ್ಯಕ್ತಪಡಿಸಿದರು. ಅದೇ ಜೂನಿನಲ್ಲಿ ರಾವಲ್ಪಿಂಡಿಯಲ್ಲಿ ನಡೆದ ಮಾತುಕತೆ ಫಲ ಕೊಡಲಿಲ್ಲ. ಸೇನೆಗಳು ಈಗ ನಿಂತಿರುವ ಜಾಗಗಳನ್ನು ಮೊದಲು ನಕಾಶೆಯಲ್ಲಿ ದೃಢಪಡಿಸಬೇಕು ಎಂಬುದು ಭಾರತದ ನಿಲುವು. ಅದಕ್ಕೆ ಕಾರಣಗಳಿಲ್ಲವೆಂದಲ್ಲ. ಒಮ್ಮೆ ಇಳಿದ ಶಿಖರವನ್ನು ಮತ್ತೆ ಹತ್ತುವುದು ಎಷ್ಟು ಕಷ್ಟವೆಂದು ಸೇನೆಗೆ ಗೊತ್ತಿದೆ, ಪರಸ್ಪರ ನಂಬಿಕೆಯಂತೂ ಇಲ್ಲ. ನಾಲ್ಕು ವರ್ಷಗಳ ನಂತರ ಸೋನಮ್ ಠಾಣೆಯ ಸರದಿ ಬಂತು.

ಕನ್ನಡದಲ್ಲಿ ‘ಕಾಯುವುದು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಒಂದು ಕಾವಲಿರುವುದು, ಇನ್ನೊಂದು ಸಮಯ ಬರುವ ತನಕ ತಡೆದಿರುವುದು. ಗಡಿ ಕಾಯುವವನಿಗೆ ಹಿಮ ನೆಲೆಗೊಳ್ಳುವವರೆಗೆ ಕಾಯುವ ಅವಕಾಶವಿಲ್ಲ. ಅವನ ಠಾಣೆ ಎಲ್ಲಿದೆಯೋ ಅಲ್ಲೇ ಅವನು ಇರಬೇಕು.

ಊರು, ದಾರಿ, ವಿಜ್ಞಾನ

ಸೈನಿಕರಷ್ಟೇ ಅಲ್ಲ, ಬಡವರಿಗೂ ಕಾಯುವ ಅನುಕೂಲವಿಲ್ಲ. 2005ರ ಫೆಬ್ರವರಿಯಲ್ಲಿ ಕಾಶ್ಮೀರದಲ್ಲಿ ದಿನಗಟ್ಟಲೆ ಹಿಮ ಸುರಿದು, ಪೀರ್ ಪಂಜಾಲ್ ಪರ್ವತದ ಮಡಿಲಿನ ವಾಲ್ಟೆಂಗೂ ನಾಡ್ ಎಂಬ ಹಳ್ಳಿಯ ಮೇಲೆ ಬೆಟ್ಟದ ಹಿಮ ಇಳಿಯಿತು. 150ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ಡಿಸೆಂಬರಿನ ಸುನಾಮಿ ಎಲ್ಲರ ಮನಸ್ಸಿನಲ್ಲಿ ಹಸಿಯಾಗಿದ್ದುದರಿಂದ ಪತ್ರಿಕೆಗಳು ಅದನ್ನು ‘ಹಿಮ ಸುನಾಮಿ’ ಎಂದವು. ಇಬ್ನ್ ಬತೂತ ಇಳಿದುಬಂದ ಪಂಜಶೀರ್ ಕಣಿವೆಯಲ್ಲಿ 2015ರ ಫೆಬ್ರವರಿ ಕೊನೆಯಲ್ಲಿ ಸುಮಾರು ಇನ್ನೂರು ಮಂದಿ ಮನೆಗಳೊಳಗೇ ಹೂತುಹೋದರು. ಇವರಾರೂ ಸಾಹಸಕ್ಕೆ ಹೊರಟವರಲ್ಲ. ಇಳಿಜಾರಿನ ಕೆಳಗೆ ಮನೆ ಕಟ್ಟಿದ್ದು ಬೇರೆ ನೆಲವಿರಲಿಲ್ಲವೆಂದು.

ಹಿಮವನ್ನು ಓದುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. 1969ರಷ್ಟು ಹಿಂದೆಯೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನ ಕೇಂದ್ರವೊಂದನ್ನು ಸ್ಥಾಪಿಸಲಾಯಿತು. 2020ರಲ್ಲಿ ಅದನ್ನು ರಕ್ಷಣಾ ಸಂಶೋಧನೆಯ ಬೇರೊಂದು ಸಂಸ್ಥೆಯೊಂದಿಗೆ ವಿಲೀನಗೊಳಿಸಲಾಯಿತು. ಪದರಗಳನ್ನು ಅಗೆದು ನೋಡಿ, ಗಾಳಿ ಮತ್ತು ತಾಪವನ್ನು ಅಳೆದು, ಅಪಾಯದ ಮುನ್ಸೂಚನೆ ಕೊಡುವ ಕ್ರಮ ಅಲ್ಲಿಂದ ಬೆಳೆಯಿತು. ಚಳಿಗಾಲದಲ್ಲಿ ಹಿಮಕುಸಿತಕ್ಕೆ ಸಿಲುಕುತ್ತಿದ್ದ ಸೋನಾಮಾರ್ಗ್ ದಾರಿಗೆ 2025ರ ಜನವರಿಯಲ್ಲಿ ಸುರಂಗ ತೆರೆಯಿತು. ಮಿರ್ಜಾ ಹೈದರ್ 1533ರಲ್ಲಿ ಸೈನ್ಯದೊಂದಿಗೆ ಚಳಿಗಾಲದಲ್ಲಿ ದಾಟಿದ ಜೋಜಿ ಲಾ ಕಣಿವೆಯ ಕೆಳಗೂ ಸುಮಾರು 13 ಕಿಲೋಮೀಟರ್ ಸುರಂಗದ ಕೆಲಸ 2020ರಲ್ಲಿ ಶುರುವಾಯಿತು. ಆದರೆ ಸುರಂಗ ದಾರಿಯನ್ನು ರಕ್ಷಿಸುತ್ತದೆ, ದಾರಿಯಾಚೆಯ ಹಳ್ಳಿಯನ್ನಲ್ಲ. ಮುನ್ಸೂಚನೆ ಅಪಾಯವನ್ನು ತಿಳಿಸುತ್ತದೆ. ತಿಳಿದ ಮೇಲೆ ಅಲ್ಲಿಂದ ಎದ್ದು ಹೋಗಲು ಮನುಷ್ಯನಿಗೆ ಅನುಮತಿಯೂ ಆಶ್ರಯವೂ ಇರಬೇಕು.

ಗುಲ್ಮಾರ್ಗ್‌ನ ಇಳಿಜಾರುಗಳಿಗೆ ವಿಹಾರಕ್ಕೆ ಹೋಗುವ ನಮ್ಮ ಯುವಕರಿಗೆ ಇದರಲ್ಲೊಂದು ನೇರ ಪಾಠವಿದೆ. ಗುರುತು ಮಾಡಿದ ದಾರಿ ಬಿಟ್ಟು ಹೋಗಬೇಡಿ, ಇಂದು ಬೇಡವೆಂದು ಸ್ಥಳೀಯ ಮಾರ್ಗದರ್ಶಿ ಹೇಳಿದರೆ ಕೊಟ್ಟ ಹಣದ ಯೋಚನೆ ಬಿಟ್ಟು ಕೋಣೆಯಲ್ಲಿ ಕುಳಿತುಕೊಳ್ಳಿ. ನಿಮಗೆ ಕಾಯುವ ಸ್ವಾತಂತ್ರ್ಯವಿದೆ, ಅದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ನಮಾಝಿನ ಆರಂಭದಲ್ಲಿ ಹೇಳುವ ಪ್ರಾರ್ಥನೆಯೊಂದರಲ್ಲಿ, ಪಾಪಗಳನ್ನು ನೀರು, ಹಿಮ, ಆಲಿಕಲ್ಲುಗಳಿಂದ ತೊಳೆಯುವಂತೆ ಬೇಡಿಕೊಳ್ಳುತ್ತೇವೆ. ಕರಾವಳಿಯ ಉರಿಬಿಸಿಲಿನಲ್ಲಿ, ಬಯಲುಸೀಮೆಯ ಧೂಳಿನಲ್ಲಿ, ಹಿಮವನ್ನು ಕಣ್ಣಿನಿಂದ ಕಾಣದವರೂ ಆ ಮಾತನ್ನು ಉಚ್ಚರಿಸುತ್ತಾರೆ. ಹಿಮ ಅಲ್ಲಾಹನ ಸೃಷ್ಟಿ. ಅದು ಕರಗಿದ ನೀರಿನಿಂದಲೇ ಸಿಂಧೂ ನದಿಯ ಎರಡೂ ದಂಡೆಗಳ ಗೋಧಿ ಬೆಳೆಯುತ್ತದೆ. ಅದಕ್ಕೆ ಶತ್ರು ಮಿತ್ರರ ಭೇದ ಗೊತ್ತಿಲ್ಲ. ಗಯಾರಿಯ 140 ಮಂದಿಯನ್ನೂ ಸೋನಮ್‌ನ ಹತ್ತು ಮಂದಿಯನ್ನೂ ಅದು ಒಂದೇ ರೀತಿ ಮುಚ್ಚಿತು. ಬೆಟದೂರಿನ ತಾಯಿಗೂ ಬಾಲ್ತಿಸ್ತಾನದ ತಾಯಿಗೂ ಬಂದ ಸುದ್ದಿ ಒಂದೇ. ಅವರ ಮಕ್ಕಳು ಹೇಡಿಗಳಾಗಿರಲಿಲ್ಲ, ತಿಳಿಗೇಡಿಗಳೂ ಆಗಿರಲಿಲ್ಲ. ನಿಂತ ಜಾಗದಿಂದ ಕದಲುವ ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಯಾರ ಕೈಯಲ್ಲಿ ಇದೆಯೋ ಅವರು ಬೆಚ್ಚನೆಯ ಕೋಣೆಗಳಲ್ಲಿ ಕುಳಿತಿದ್ದಾರೆ. ಗುಹೆಯ ಬಾಗಿಲಲ್ಲಿ ಒಳಗೆ ಹೋಗಲು ಒಪ್ಪದೆ ನಿಂತ ಬಾಬರನ ಆ ಒಂದು ರಾತ್ರಿಯನ್ನಾದರೂ ಅವರು ಓದಿಕೊಳ್ಳಬೇಕು.